ನೇರಳೆ ಬೆಳಕೂ ಬಾಯಿಯ ಹುಣ್ಣೂ: ಒಂದು ವಿಮರ್ಶೆ

ಬಾಯಿಯ ಕ್ಯಾನ್ಸರಿನ ಅಪಾಯವನ್ನು ಬೆಳಕಿನ ನೆರವಿನಿಂದ ಗೊತ್ತುಹಚ್ಚುವ ಕೈಯುಪಕರಣವೊಂದನ್ನು ಕುರಿತ ಪ್ರಬಂಧವು 2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರಿಜೋನಾ ವಿಶ್ವವಿದ್ಯಾನಿಲಯದವರೊಡನೆ ಬೆಂಗಳೂರಿನ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರವೂ ಕೆ.ಎಲ್.ಇ. ದಂತವೈದ್ಯ ಸಂಸ್ಥೆಯೂ ಈ ಕಾರ್ಯದಲ್ಲಿ ಕೂಡಿದ್ದುವು. ದಂತವೈದ್ಯ ಸಂಸ್ಥೆಯು ಯಶವಂತಪುರದಿಂದ ನಾಗಸಂದ್ರದತ್ತ ಸಾಗುವ ತುಮಕೂರು ರಸ್ತೆಯಲ್ಲಿಯೇ ಇದೆ. ಕಾರ್ಖಾನೆಗಳ ಈ ನೆರೆಯಲ್ಲಿ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಂಡೇ ಪಾಳಿ ಮುಗಿಸುವವರು ಉಂಟು. ಆದಕಾರಣ ಇದನ್ನು ನಾವು ದೂರದ ಸಂಗತಿಯೆಂದು ಓದಲಾರೆವು.

ಉಪಕರಣದ ತತ್ತ್ವವು ಸರಳವಾದುದು. ಸುಮಾರು 405 ನ್ಯಾನೊಮೀಟರಿನ ನೇರಳೆ ಬೆಳಕು ಬಿದ್ದಾಗ ಆರೋಗ್ಯವಾದ ಬಾಯಿಯ ಒಳಪೊರೆಯು ಮಂದವಾದ ಹಸುರು ಕಾಂತಿಯನ್ನು ಸೂಸುತ್ತದೆ. ಪೊರೆಯಡಿಯ ಕೊಲಾಜೆನ್ ಎಂಬ ನಾರು ಈ ಕಾಂತಿಗೆ ಮುಖ್ಯ ಕಾರಣ. ಜೀವಕೋಶಗಳು ವಿಕಾರಗೊಂಡಂತೆ ಆ ನಾರು ಶಿಥಿಲವಾಗುತ್ತದೆ. ಹೆಚ್ಚಿದ ರಕ್ತವು ಬೆಳಕನ್ನು ಹೀರುತ್ತದೆ. ಆ ಭಾಗವು ಕಪ್ಪಾಗಿ ತೋರುತ್ತದೆ. ಮೊಬೈಲ್ ಫೋನಿಗೆ ದೀಪಗಳನ್ನು ಜೋಡಿಸಿ, ಬಿಳಿಯ ಬೆಳಕಿನ ಚಿತ್ರವನ್ನೂ ಇದನ್ನೂ ಒಟ್ಟಿಗೆ ಗಣಕಯಂತ್ರದ ತೀರ್ಮಾನಕ್ಕೆ ಒಪ್ಪಿಸಿರುವುದು ಎಂಜಿನಿಯರರ ಜಾಣ್ಮೆ. ಆದರೆ ಬಾತು ಕೆಂಪೇರಿದ ಒಸಡೂ ಕಪ್ಪಾಗಿಯೇ ಕಾಣಬಹುದು. ತಂಬಾಕು ಜಗಿಯುವವರ ಬಾಯಲ್ಲಿ ಅಂತಹ ಉರಿಯೂತವೇನು ಅಪರೂಪವೆ?

ಯಂತ್ರದ ನಿರ್ಣಯಗಳು ಶೇಕಡ 81ರಿಂದ 95ರವರೆಗೆ ಸರಿಯಾದುವೆಂದು ಪ್ರಬಂಧವು ಹೇಳುತ್ತದೆ. ಯಾವುದಕ್ಕೆ ಹೋಲಿಸಿ ಸರಿ? ಸ್ಥಳದಲ್ಲಿದ್ದ ತಜ್ಞರು ಬಾಯಿ ನೋಡಿ ಹೇಳಿದ ಅಭಿಪ್ರಾಯಕ್ಕೆ ಹೋಲಿಸಿ. ಪ್ರಬಂಧಕಾರರು ಇದನ್ನು ಮರೆಮಾಚಿಲ್ಲ, ಓದುವವರೇ ಮರೆಯುತ್ತಾರೆ. ಶಿಷ್ಯನು ಗುರುವಿನಂತೆಯೇ ಉತ್ತರಿಸಿದನೆಂಬುದು ಇದರಿಂದ ಸಿದ್ಧವಾಯಿತೇ ಹೊರತು, ಗುರುವಿನ ಉತ್ತರ ಸರಿಯೆಂಬುದು ಸಿದ್ಧವಾಗಲಿಲ್ಲ. ಕಪ್ಪಾಗಿ ಕಂಡ ಮಚ್ಚೆಯು ಮುಂದೆ ಕ್ಯಾನ್ಸರಾಗುವುದೆ ಎಂಬುದೇ ಅಪಾಯದ ಪ್ರಶ್ನೆ. ಅದಕ್ಕೆ ಆ ಮಚ್ಚೆಯ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಬೇಕು, ಅದೇ ಮನುಷ್ಯನನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು.

ಹೋಲಿಕೆಗೆ ನೆರೆಯ ಕೇರಳವನ್ನು ನೋಡಬಹುದು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ಪರೀಕ್ಷಿಸಿದರು. ತಂಬಾಕನ್ನೋ ಮದ್ಯವನ್ನೋ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಇಳಿದುದಾಗಿ 2005ರಲ್ಲಿ ವರದಿಯಾಯಿತು. ಹೊಸ ಉಪಕರಣವು ಸ್ಪರ್ಧಿಸಬೇಕಾದುದು ಈ ಬರಿಗಣ್ಣಿನೊಡನೆ. ಆ ಸ್ಪರ್ಧೆಯು ಪ್ರಬಂಧದಲ್ಲಿಲ್ಲ.

ನಮ್ಮ ಮಟ್ಟಿಗೆ ಪ್ರಬಂಧದ ಹೆಚ್ಚಿನ ಬೆಲೆಯಿರುವುದು ಬೇರೊಂದು ಕಡೆ, ಚಿತ್ರವನ್ನು ದೂರದ ತಜ್ಞರಿಗೆ ಕಳುಹಿಸುವ ಏರ್ಪಾಟಿನಲ್ಲಿ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾರದ ನಾಗಸಂದ್ರದ ಕೆಲಸಗಾರನಿಗೆ ನೇರಳೆ ಬೆಳಕಿಗಿಂತ ಅದೇ ಹೆಚ್ಚು ಒದಗೀತು.