ಲೋಟದಲ್ಲಿ ಸಬ್ಬಸಿಗೆ

ಮೊದಲೇ ಹೇಳಿಬಿಡ್ತೀನಿ. ‘ರೈ’ ಅಂದ್ರೆ ಮಂಗಳೂರು ಕಡೆಯವರ ಸರ್‌ನೇಮ್ ಅಲ್ಲ, ಹಿಂದಿಯವರ ಸಾಸಿವೆಯೂ ಅಲ್ಲ. ಅದೊಂದು ಧಾನ್ಯ. ಗೋಧಿ, ಬಾರ್ಲಿಗಳ ದಾಯಾದಿ. ನಮ್ಮ ತುರುವೇಕೆರೆ ಸೀಮೆಗೆ ರಾಗಿ ಹೇಗೋ ಪೋಲೆಂಡ್, ಜರ್ಮನಿ ಕಡೆಯ ಚಳಿ ನೆಲಕ್ಕೆ ರೈ ಹಾಗೆ. ಸಾರವಿಲ್ಲದ ಹೊಲದಲ್ಲೂ ಬರುತ್ತೆ, ಕಪ್ಪು ರೊಟ್ಟಿ ಆಗುತ್ತೆ, ಬಡವರ ಹೊಟ್ಟೆ ತುಂಬಿಸುತ್ತೆ. ಅಲ್ಲಿಂದ ವಲಸೆ ಹೋದವರು ಅಮೆರಿಕಕ್ಕೂ ಒಯ್ದರು. ಅಲ್ಲಿ ಅದು ವಿಸ್ಕಿ ಆಯ್ತು. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷಗಿರಿ ಮುಗಿಸಿ ಮೌಂಟ್ ವರ್ನನ್‌ನಲ್ಲಿ ನಡೆಸಿದ ಭಟ್ಟಿಯಲ್ಲಿ ಹಾಕ್ತಿದ್ದಿದ್ದು 60 ಪಾಲು ರೈ, 35 ಪಾಲು ಜೋಳ, 5 ಪಾಲು ಮೊಳಕೆ ಬಾರ್ಲಿ. ಇಂದಿನ ಅಮೆರಿಕದ ಕಾಯ್ದೆ ಪ್ರಕಾರ ಕನಿಷ್ಠ 51 ಪಾಲು ರೈ ಇರಬೇಕು, ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿರಬೇಕು.

ಸಿ.ವಿ. ರಾಮನ್ ನಗರದ ನನ್ನ ಎರಡು ಬೆಡ್‌ರೂಮಿನ ಬಾಡಿಗೆ ಮನೆಗೆ ಈ ಧಾನ್ಯ ಮೂರು ಬಾಟಲಿಗಳಲ್ಲಿ ಬಂತು. ಬುಲೆಟ್ ರೈ ಮತ್ತು ರಿಟನ್‌ಹೌಸ್ ಎರಡನ್ನೂ ಆಫೀಸಿನ ಗೆಳೆಯ ಶಿಕಾಗೋದಿಂದ ತಂದ. ಮೂರನೆಯದು ನಮ್ಮೂರಿನದೇ, ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಅಮೃತ್ ರೈ. ನಾಲ್ಕು ಶನಿವಾರ ಕೂತು ನೋಡಿದೆವು. ಎರಡು ಶನಿವಾರ ನೀಟ್, ಎರಡು ಶನಿವಾರ ಕಾಕ್‌ಟೇಲ್. ಕಗ್ಗದಾಸಪುರ ರೈಲ್ವೆ ಗೇಟ್ ದಾಟಿ ಬರಬೇಕಾದ ಗೆಳೆಯ ಪ್ರತಿ ಸಲವೂ ಅರ್ಧ ಗಂಟೆ ಲೇಟು.

ನೀಟ್ ಅಂದ್ರೆ ಐಸಿಲ್ಲ, ಸೋಡಾ ಇಲ್ಲ. 30 ಎಂಎಲ್, ಆಮೇಲೆ ಬೇಕಿದ್ದರೆ ನಾಲ್ಕು ಹನಿ ನೀರು.

ಬುಲೆಟ್‌ನಲ್ಲಿ ನೂರಕ್ಕೆ 95 ರೈ, ಮದ್ಯಸಾರ 45%. ಮೂಗಿಗೆ ನಿಂಬೆ ಸಿಪ್ಪೆ, ಪುದೀನ. ನಾಲಿಗೆ ಮೇಲೆ ಚುರುಕು, ಆದರೆ ಹೇಳಬೇಕಾದ್ದನ್ನೆಲ್ಲ ಮೊದಲ ಗುಟುಕಿನಲ್ಲೇ ಹೇಳಿ ಮುಗಿಸಿಬಿಡುತ್ತೆ. ರಿಟನ್‌ಹೌಸ್ 50%. ‘ಬಾಟಲ್ಡ್ ಇನ್ ಬಾಂಡ್’ ಅಂತ ಲೇಬಲ್ ಮೇಲಿದೆ. ಕಲಬೆರಕೆ ತಡೆಯೋಕೆ 1897ರಲ್ಲಿ ಅಲ್ಲಿ ಮಾಡಿದ ಕಾಯ್ದೆ ಅದು: ಒಂದೇ ಭಟ್ಟಿಯ, ಒಂದೇ ಹಂಗಾಮಿನ ಮಾಲು ಇರಬೇಕು, ಕನಿಷ್ಠ ನಾಲ್ಕು ವರ್ಷ ಪೀಪಾಯಿಯಲ್ಲಿ ಇರಬೇಕು. ಲವಂಗ, ಬೆಲ್ಲದ ಪಾಕ ತಳ ಹತ್ತುವ ಮುಂಚಿನ ವಾಸನೆ, ಹಿಂದಿನಿಂದ ಒಳ್ಳೇ ಖಾರ. ನೀರು ಹನಿಸದೆ ಕುಡಿದರೆ ಗಂಟಲು ಬೈಯುತ್ತೆ.

ಅಮೃತ್ ಇವೆರಡರ ಜಾತಿಯೇ ಅಲ್ಲ. ಅಮೆರಿಕದವರು ರೈಯನ್ನು ಸಾಮಾನ್ಯವಾಗಿ ಹಸಿಯಾಗೇ ಬೇಯಿಸ್ತಾರೆ. ಇದರಲ್ಲಿ ನೂರಕ್ಕೆ ನೂರು ಮೊಳಕೆ ಕಟ್ಟಿದ ರೈ. ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸ್ತಿದ್ದರಲ್ಲ, ಅದೇ ಕೆಲಸ. ರೈ ಹಿಟ್ಟು ಬಿಸಿನೀರಿಗೆ ಬಿದ್ದರೆ ಅಂಟಂಟಾಗಿ ಕಡಾಯಿ ಹಿಡಿಯುತ್ತೆ, ಬರೀ ರೈ ಹಾಕಿ ವಿಸ್ಕಿ ಮಾಡೋದು ತ್ರಾಸಿನ ಕೆಲಸ. ಅದರ ಮೇಲೆ ನಮ್ಮ ಹವೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆರಿಹೋದರೆ ಬೆಂಗಳೂರಲ್ಲಿ 10%ಗಿಂತ ಹೆಚ್ಚು. ಮರದ ಗುಣವೂ ಅಷ್ಟೇ ಬೇಗ ಇಳಿಯುತ್ತೆ. ಫಲಿತಾಂಶ: ಹುರಿಹಿಟ್ಟು, ಒಣಶುಂಠಿ, ಕಾಫಿ ಬೀಜ. 46% ಇದ್ದರೂ ಮೆತ್ತಗೆ ಇಳಿಯುತ್ತೆ. ನೀಟ್ ಕುಡಿಯೋಕೆ ನನ್ನ ಮೊದಲ ಮತ ಇದಕ್ಕೇ, ನಮ್ಮೂರಿನದು ಅಂತ ಅಲ್ಲ.

ಒಂದು ತಕರಾರು ಇತ್ತು. ಇಂಗ್ಲಿಷಿನಲ್ಲಿ ರೈ ಬಗ್ಗೆ ಬರೆಯೋರು ಪದೇ ಪದೇ ‘ಡಿಲ್’ ಅಂತಾರೆ. ನಾನೂ ನೋಟ್ಸಲ್ಲಿ ಹಾಗೇ ಬರೆದುಕೊಂಡಿದ್ದೆ, ಏನಂತ ಗೊತ್ತಿಲ್ಲದೆ. ಎರಡನೇ ಶನಿವಾರ ಅಮ್ಮ ಊರಿಂದ ಬಂದಿತ್ತು. ಭಾನುವಾರ ಬೆಳಿಗ್ಗೆ ಸಿಂಕ್ ಪಕ್ಕ ಇದ್ದ ಖಾಲಿ ಲೋಟ ಎತ್ತಿ ಮೂಗಿಗೆ ಹಿಡಿದು, “ಇದ್ರಲ್ಲಿ ಸಬ್ಬಸಿಗೆ ಸೊಪ್ಪು ಇಟ್ಟಿದ್ದೇನೋ?” ಅಂತು. ಫೋನ್ ತೆಗೆದು ನೋಡಿದೆ. ಡಿಲ್ ಅಂದ್ರೆ ಸಬ್ಬಸಿಗೆ! ಅಕ್ಕಿರೊಟ್ಟಿಗೆ ಹಾಕಿ ತಿಂದು ಬೆಳೆದ ಸೊಪ್ಪನ್ನು ಯಾವುದೋ ಯುರೋಪಿನ ಗಿಡ ಅಂದುಕೊಂಡು ಬರೆದಿದ್ದೆ. ಪರದೇಶದ ಮೂಗು ಸಾಲ ತಂದರೆ ಹೀಗೇ ಆಗೋದು.

ಅಮ್ಮ ಇನ್ನೊಂದ್ಸಲ ಮೂಸಿತು. ಈ ಸಲ ಗೊತ್ತಾಯ್ತು. “ನಿಮ್ ಚಿಕ್ಕಪ್ಪನ ಹತ್ರ ಈ ವಾಸ್ನೆ ಬರ್ತಿರ್ಲಿಲ್ಲ” ಅಂದು ಲೋಟ ತೊಳೆದು ಮಗುಚಿಟ್ಟಿತು.

ಚಿಕ್ಕಪ್ಪ ಕುಡೀತಿದ್ದದ್ದು ಸಾರಾಯಿ ಪ್ಯಾಕೆಟ್. ಹಲ್ಲಲ್ಲಿ ಮೂಲೆ ಕಚ್ಚಿ, ಒಂದೇ ಸಲಕ್ಕೆ ಗಂಟಲಿಗೆ. ರುಚಿ ನೋಡೋ ಪ್ರಶ್ನೆಯೇ ಇಲ್ಲ, ರುಚಿ ಗೊತ್ತಾಗಬಾರದು ಅಂತಲೇ ಹಾಗೆ. ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ. ಅಷ್ಟರಲ್ಲಿ ಚಿಕ್ಕಪ್ಪ ಹೋಗಿ ಮೂರು ವರ್ಷ. ಪ್ಯಾಕೆಟ್ ಹೋದ ಜಾಗಕ್ಕೆ ಕಡಿಮೆ ದರದ ವಿಸ್ಕಿ ಬಂತು. ಅದರಲ್ಲಿ ಬಹುಪಾಲು ಕಾಕಂಬಿಯ ಸ್ಪಿರಿಟ್. ಧಾನ್ಯದಿಂದ ಮಾಡಿದ್ದಲ್ಲವಾದ್ದರಿಂದ ಯುರೋಪಿನಲ್ಲಿ ಅದನ್ನು ವಿಸ್ಕಿ ಅಂತ ಮಾರೋ ಹಾಗೇ ಇಲ್ಲ.

ಇನ್ನು ಕಾಕ್‌ಟೇಲ್. ಅಮ್ಮ ಊರಿಗೆ ಹೋದ ಮೇಲೆ ಶುರು ಮಾಡಿದೆವು, ಸುಳ್ಳೇಕೆ.

ಓಲ್ಡ್ ಫ್ಯಾಷನ್ಡ್: 60 ಎಂಎಲ್ ರೈ, ಸಿಹಿ, ಎರಡು ಚಿಮುಕಿಸು ಬಿಟರ್ಸ್, ಕಿತ್ತಳೆ ಸಿಪ್ಪೆ. ಸಕ್ಕರೆ ಬದಲು ಮಲೆನಾಡಿನ ಜೋನಿ ಬೆಲ್ಲವನ್ನು ಬಿಸಿನೀರಲ್ಲಿ ತೆಳು ಮಾಡಿ ಒಂದು ಚಮಚ ಹಾಕಿದೆ. ರಿಟನ್‌ಹೌಸ್ ಜೊತೆ ಇದು ಹೇಳಿ ಮಾಡಿಸಿದ ಜೋಡಿ. ಅಮೃತ್ ಮಾತ್ರ ಬೆಲ್ಲದ ಮುಂದೆ ಬಾಯಿ ಮುಚ್ಚಿಕೊಂಡಿತು. ಫ್ರೀಜರಿನ ಪುಟ್ಟ ಐಸ್ ಬೇಡ, ಬೇಗ ಕರಗುತ್ತೆ, ದೋಸೆ ಹಿಟ್ಟಿನ ವಾಸನೆ ಬೇರೆ. ಮುಚ್ಚಳದ ಡಬ್ಬಿಯಲ್ಲಿ ದೊಡ್ಡ ಗಡ್ಡೆ ಕಟ್ಟಿಸಿ.

ಮ್ಯಾನ್‌ಹಟನ್: 60 ಎಂಎಲ್ ರೈ, 30 ಎಂಎಲ್ ಸಿಹಿ ವರ್ಮುತ್, ಬಿಟರ್ಸ್, ಐಸಿನಲ್ಲಿ ಕಲಕಿ ಸೋಸೋದು. ಮೊದಲ ಸಲ ಹುಣಸೆ ಹುಳಿ ಥರ ಬಂತು. ತಪ್ಪು ನಂದೇ. ವರ್ಮುತ್ ಅಂದ್ರೆ ವೈನು, ಬಾಟಲಿ ತೆಗೆದ ಮೇಲೆ ಫ್ರಿಜ್‌ನಲ್ಲಿರಬೇಕು. ನಾನು ಮೂರು ತಿಂಗಳು ಶೋಕೇಸಲ್ಲಿ ಇಟ್ಟಿದ್ದೆ. ಹೊಸ ಬಾಟಲಿ ತಂದ ಮೇಲೆ ರಿಟನ್‌ಹೌಸ್ ಮತ್ತೆ ಗೆದ್ದಿತು. ಬುಲೆಟ್‌ಗೆ ಸೋಡಾ, ನಿಂಬೆ ಸಾಕು, ಅಲ್ಲಿ ಅದರ ಚುರುಕು ಉಪಯೋಗಕ್ಕೆ ಬರುತ್ತೆ.

ಹಾಗಾದ್ರೆ ಕಾಕ್‌ಟೇಲಿಗೆ ರಿಟನ್‌ಹೌಸ್ ಅಂತ ಬರೆದು ಮುಗಿಸಬಹುದಿತ್ತು. ಆದರೆ ನಾಲ್ಕನೇ ಶನಿವಾರ ನಾನು ಮೂರು ಮ್ಯಾನ್‌ಹಟನ್ ಕುಡಿದೆ. ಕುಡಿದೆ ಅಂತ ಅನ್ನಿಸಲೂ ಇಲ್ಲ. ಭಾನುವಾರ ತಲೆ ಹಿಡಿದುಕೊಂಡು ಲೆಕ್ಕ ಹಾಕಿದೆ. ನಮ್ಮ ಅಂಗಡಿಯ 42.8% ವಿಸ್ಕಿಯ 30 ಎಂಎಲ್ ಪೆಗ್‌ನಲ್ಲಿ ಶುದ್ಧ ಮದ್ಯಸಾರ ಸುಮಾರು 13 ಎಂಎಲ್. 50% ರೈ 60 ಎಂಎಲ್ ಹಾಕಿದರೆ 30 ಎಂಎಲ್. ಮೂರು ಲೋಟ ಅಂದ್ರೆ, ವರ್ಮುತ್ ಬಿಟ್ಟೇ, ಏಳು ಪೆಗ್. ನೀಟ್ ಇದ್ದ ಎರಡೂ ಶನಿವಾರ ಎರಡು ಪೆಗ್‌ಗೇ ನಾಲಿಗೆ ಸಾಕು ಅಂದಿತ್ತು.

ಕಾಕ್‌ಟೇಲ್ ಚೆನ್ನಾಗಿದೆ ಅನ್ನೋದಕ್ಕೆ ಒಂದು ಕಾರಣ ಅದರಲ್ಲಿ ಮದ್ಯದ ಉರಿ ಅಡಗಿರುತ್ತೆ ಅನ್ನೋದು. ಪ್ಯಾಕೆಟ್ ಗುಟುಕಿಗೂ ಇದೇ ಕಾರಣ. ಒಂದು ನಾಜೂಕು, ಇನ್ನೊಂದು ಒರಟು, ಅಷ್ಟೇ ವ್ಯತ್ಯಾಸ. ಇಂದಿರಾನಗರದ ಬಾರಿನಲ್ಲಾದರೆ ಮೂರನೇ ಲೋಟಕ್ಕೆ ಮುಂಚೆ ಬಿಲ್ಲು ನೆನಪಾಗುತ್ತೆ. ಮನೆಯಲ್ಲಿ ಬಿಲ್ಲಿಲ್ಲ, ವೇಟರಿಲ್ಲ, ಸುರಿಯೋನೂ ಕುಡಿಯೋನೂ ಒಬ್ಬನೇ. ಹಾಗಾಗಿ ಮನೆಯಲ್ಲಿ ರೈ ಕುಡಿಯೋರಿಗೆ ನನ್ನ ಶಿಫಾರಸು: ನೀಟ್. ಅದರಲ್ಲೂ ಅಮೃತ್, ಪಕ್ಕದಲ್ಲಿ ನೀರು. ಕಾಕ್‌ಟೇಲ್ ಮಾಡಲೇಬೇಕಾದರೆ ಅಳತೆ ಲೋಟ ಇಟ್ಟುಕೊಳ್ಳಿ, ಒಂದಕ್ಕೆ ನಿಲ್ಲಿಸಿ.

ಅಮ್ಮ ಮುಂದಿನ ತಿಂಗಳು ಮತ್ತೆ ಬರುತ್ತೆ. ಬಾಟಲಿ ಬಚ್ಚಿಡಲ್ಲ ಅಂತ ತೀರ್ಮಾನ ಮಾಡಿದೀನಿ. ಎಷ್ಟು ಖಾಲಿಯಾಗಿದೆ ಅಂತ ಅದು ನೋಡಲಿ.