ಕಾರ್ಯದ ಹೆಸರು, ವರ್ಗದ ಗುರುತು: ಇಂಗ್ಲಿಷಿನ ನಾಮವಿಶೇಷಣ–ಕ್ರಿಯಾವಿಶೇಷಣ ವಿಂಗಡಣೆಯ ವಿಮರ್ಶೆ

ಇಂಗ್ಲಿಷ್ ವ್ಯಾಕರಣವನ್ನು ಕನ್ನಡದಲ್ಲಿ ವಿವರಿಸುವ ಕೈಪಿಡಿಗಳಲ್ಲಿ ಎರಡು ವ್ಯಾಖ್ಯೆಗಳು ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ನಾಮಪದವನ್ನು ವಿಶೇಷಿಸುವುದು ನಾಮವಿಶೇಷಣ. ಕ್ರಿಯಾಪದವನ್ನಾಗಲಿ, ನಾಮವಿಶೇಷಣವನ್ನಾಗಲಿ, ಇನ್ನೊಂದು ಕ್ರಿಯಾವಿಶೇಷಣವನ್ನಾಗಲಿ ವಿಶೇಷಿಸುವುದು ಕ್ರಿಯಾವಿಶೇಷಣ. ರೆನ್ ಮತ್ತು ಮಾರ್ಟಿನ್ ಅವರ ಶಾಲಾ ವ್ಯಾಕರಣದಂತಹ ಪುಸ್ತಕಗಳ ಮೂಲಕ ಈ ವ್ಯಾಖ್ಯೆಗಳು ನಮ್ಮ ತರಗತಿಗಳಲ್ಲಿ ನೆಲೆಯೂರಿವೆ. ಇವು ಪದದ ವರ್ಗವನ್ನು ಹೇಳುವ ಬದಲು ಅದರ ಕಾರ್ಯವನ್ನು ಹೇಳುತ್ತವೆ ಎಂಬುದೂ, ಕನ್ನಡದ ಪಾರಿಭಾಷಿಕ ಪದಗಳು ಈ ಗೊಂದಲವನ್ನು ಇಮ್ಮಡಿಗೊಳಿಸುತ್ತವೆ ಎಂಬುದೂ ಈ ಲೇಖನದ ವಾದ.

ಮೊದಲು ವ್ಯಾಖ್ಯೆಯನ್ನೇ ಪರೀಕ್ಷಿಸೋಣ. 'ಸ್ಟೋನ್ ವಾಲ್' ಎಂಬಲ್ಲಿ 'ಸ್ಟೋನ್' ನಾಮಪದವೊಂದನ್ನು ವಿಶೇಷಿಸುತ್ತದೆ. ವ್ಯಾಖ್ಯೆಯನ್ನು ಅಕ್ಷರಶಃ ಪಾಲಿಸಿದರೆ ಅದು ನಾಮವಿಶೇಷಣವಾಗಬೇಕು. ಆದರೆ 'ವೆರಿ ಸ್ಟೋನ್ ವಾಲ್' ಅಸಾಧು, 'ಸ್ಟೋನರ್' ಎಂಬ ತರತಮ ರೂಪವೂ ಇಲ್ಲಿ ಸಲ್ಲದು. ಪದ ನಾಮಪದವಾಗಿಯೇ ಉಳಿದು ವಿಶೇಷಣದ ಕೆಲಸವನ್ನು ಮಾಡುತ್ತಿದೆ. ಇದಕ್ಕೆ ಪ್ರತಿಯಾಗಿ 'ದ ಸಿಚುಯೇಶನ್ ಲೋಕಲಿ' ಎಂಬ ಪ್ರಯೋಗದಲ್ಲಿ 'ಲೋಕಲಿ' ವಿಶೇಷಿಸುತ್ತಿರುವುದು 'ಸಿಚುಯೇಶನ್' ಎಂಬ ನಾಮಪದವನ್ನು. ಅಷ್ಟರಿಂದಲೇ ಅದನ್ನು ನಾಮವಿಶೇಷಣವೆಂದು ಯಾರೂ ಕರೆಯುವುದಿಲ್ಲ. ಪೇನ್, ಹಡಲ್‌ಸ್ಟನ್ ಮತ್ತು ಪುಲ್ಲಮ್ 2010ರ ತಮ್ಮ ಪ್ರಬಂಧದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಇಂಗ್ಲಿಷಿನ ಈ ವರ್ಗದ ಪದಗಳು ನಾಮಪದದ ಬಲಕ್ಕೆ ನಿಂತು ಅದನ್ನು ವಿಶೇಷಿಸಬಲ್ಲವು. ಆದ್ದರಿಂದ 'ಯಾವುದನ್ನು ವಿಶೇಷಿಸುತ್ತದೆ' ಎಂಬ ಒಂದೇ ಪ್ರಶ್ನೆ ವರ್ಗವನ್ನು ತೀರ್ಮಾನಿಸಲಾರದು.

ವ್ಯಾಖ್ಯೆ ಸೋತಲ್ಲಿ ಕೈಪಿಡಿಗಳು 'ಲಿ' ಪ್ರತ್ಯಯದ ಮೊರೆಹೋಗುತ್ತವೆ. ಚರಿತ್ರೆಯನ್ನು ಗಮನಿಸಿದರೆ ಈ ಗುರುತು ಏಕೆ ನೆಚ್ಚತಕ್ಕುದಲ್ಲ ಎಂಬುದು ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಗುಣಸೂಚಕ ಪದಕ್ಕೆ 'ಎ' ಎಂಬ ಪ್ರತ್ಯಯ ಹತ್ತಿ ಕ್ರಿಯೆಯ ರೀತಿಯನ್ನು ಹೇಳುವ ರೂಪ ಸಿದ್ಧವಾಗುತ್ತಿತ್ತು. ಮುಂದೆ ಪದಾಂತ್ಯದ ಆ ಸ್ವರ ಲೋಪವಾದಾಗ 'ಹಾರ್ಡ್', 'ಫಾಸ್ಟ್' ಮೊದಲಾದವುಗಳ ಎರಡು ರೂಪಗಳು ಒಂದಾದವು. ಇವು ಪ್ರತ್ಯಯವನ್ನು ಮರೆತವರ ತಪ್ಪುಗಳಲ್ಲ, ಧ್ವನಿ ಬದಲಾವಣೆಯ ಸಹಜ ಫಲ. ಇನ್ನೊಂದೆಡೆ 'ಲಿಚ್' ಎಂಬ ಗುಣಸೂಚಕ ಪ್ರತ್ಯಯವೂ 'ಲಿಚೆ' ಎಂಬ ಅದರ ಕ್ರಿಯಾಸಂಬಂಧಿ ರೂಪವೂ ಇಂದು ಒಂದೇ 'ಲಿ' ಆಗಿ ಉಳಿದಿವೆ. ಹಾಗಾಗಿಯೇ 'ಫ್ರೆಂಡ್ಲಿ', 'ಕಾಸ್ಟ್ಲಿ', 'ಕವರ್ಡ್ಲಿ' ನಾಮವಿಶೇಷಣಗಳು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್, ನಾಮವಿಶೇಷಣ ರೂಪವನ್ನು ಕ್ರಿಯಾವಿಶೇಷಣವಾಗಿ ಬಳಸುವುದನ್ನು ಅಸಮರ್ಪಕವೆಂದು ಆಕ್ಷೇಪಿಸಿದ. 'ಡ್ರೈವ್ ಸ್ಲೋ' ಎಂದು ಬರೆದ ವಿದ್ಯಾರ್ಥಿಯ ಅಂಕ ಕಳೆಯುವ ಅಧ್ಯಾಪಕರು ತಿಳಿದೋ ತಿಳಿಯದೆಯೋ ಆ ಪರಂಪರೆಗೆ ಸೇರುತ್ತಾರೆ. ಆ ಪ್ರಯೋಗ ಅನೌಪಚಾರಿಕ ಎನ್ನಬಹುದು, ವ್ಯಾಕರಣವಿರುದ್ಧ ಎನ್ನಲಾಗದು.

ಕನ್ನಡದ ಮೂಲಕ ಇಂಗ್ಲಿಷ್ ಕಲಿಯುವವರಿಗೆ ಮತ್ತೊಂದು ತೊಡಕಿದೆ. ಸಂಸ್ಕೃತಮೂಲದ 'ವಿಶೇಷಣ' ಕಾರ್ಯವಾಚಕ ಪದ. ನಮ್ಮ ಶಾಲಾ ವ್ಯಾಕರಣ ವರ್ಗದ ನೆಲೆಯಲ್ಲಿ ಗುಣವಾಚಕವನ್ನು ನಾಮಪದದೊಳಗೆ ಸೇರಿಸುತ್ತದೆ. 'ಮೆಲ್ಲನೆ', 'ಬೇಗನೆ' ಮೊದಲಾದವನ್ನು ಅವ್ಯಯವೆನ್ನುತ್ತದೆ. ಪ್ರಾಚೀನ ಗ್ರೀಕ್ ವೈಯಾಕರಣರೂ ಗುಣಸೂಚಕವನ್ನು ನಾಮಪದದ ಒಂದು ಬಗೆಯಾಗಿಯೇ ಕಂಡಿದ್ದರು. ಅಂದರೆ ವರ್ಗ ಮತ್ತು ಕಾರ್ಯಗಳ ಭೇದ ನಮ್ಮ ಪರಂಪರೆಗೆ ಹೊಸತಲ್ಲ. ಇಂಗ್ಲಿಷಿನ ಎರಡು ವರ್ಗಗಳಿಗೆ ಎರಡು ಕಾರ್ಯನಾಮಗಳನ್ನು ಅಂಟಿಸಿದಾಗ ಅದು ಮರೆಯಾಯಿತು.

ಇದರ ಪರಿಣಾಮ ಬೋಧನೆಯಲ್ಲಿ ಎದ್ದು ಕಾಣುತ್ತದೆ. 'ಆದ' ಬಂದರೆ ನಾಮವಿಶೇಷಣ, 'ಆಗಿ' ಬಂದರೆ ಕ್ರಿಯಾವಿಶೇಷಣ ಎಂಬ ಸುಲಭ ಸೂತ್ರ ಪ್ರಚಾರದಲ್ಲಿದೆ. 'ಸುಂದರವಾದ ಹಾಡು', 'ಸುಂದರವಾಗಿ ಹಾಡಿದಳು' ಎಂಬಲ್ಲಿ ಅದು ಸರಿಹೊಂದುತ್ತದೆ. ಆದರೆ ಇವೆರಡೂ 'ಆಗು' ಧಾತುವಿನ ಕೃದಂತ ರೂಪಗಳು. 'ಆಗಿ' ಕ್ರಿಯೆಯ ರೀತಿಯನ್ನು ಸೂಚಿಸುವಂತೆಯೇ ಕರ್ತೃವಿನ ಸ್ಥಿತಿಯನ್ನೂ ಸೂಚಿಸಬಲ್ಲದು. 'ಅವಳು ಚೆನ್ನಾಗಿ ಹಾಡುತ್ತಾಳೆ', 'ಅವಳು ಚೆನ್ನಾಗಿ ಕಾಣುತ್ತಾಳೆ' ಎಂಬ ವಾಕ್ಯಗಳನ್ನು ನೋಡಿ. ಕನ್ನಡದಲ್ಲಿ ಒಂದೇ ರೂಪ. ಇಂಗ್ಲಿಷಿನಲ್ಲಿ ಮೊದಲನೆಯದು 'ಸಿಂಗ್ಸ್ ವೆಲ್', ಎರಡನೆಯದು 'ಲುಕ್ಸ್ ಗುಡ್'. 'ಊಟ ರುಚಿಯಾಗಿದೆ' ಎಂಬಲ್ಲಿಯೂ 'ಆಗಿ' ಇದೆ, ಇಂಗ್ಲಿಷ್ ಮಾತ್ರ 'ಟೇಸ್ಟ್ಸ್ ಗುಡ್' ಎನ್ನುತ್ತದೆ. ಸೂತ್ರವನ್ನು ನಂಬಿದ ವಿದ್ಯಾರ್ಥಿ 'ಶಿ ಲುಕ್ಸ್ ಬ್ಯೂಟಿಫುಲ್ಲಿ' ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಕಲಿಸಿದ ನಿಯಮದ ಪ್ರಾಮಾಣಿಕ ಪಾಲನೆ. 'ಲುಕ್ಡ್ ಆಂಕ್ಷಸ್' ಎಂದರೆ ಆತಂಕಗೊಂಡಂತೆ ಕಂಡಳು, 'ಲುಕ್ಡ್ ಆಂಕ್ಷಸ್ಲಿ' ಎಂದರೆ ಆತಂಕದಿಂದ ನೋಡಿದಳು ಎಂಬ ಅರ್ಥಭೇದವನ್ನು ಕನ್ನಡ ಎರಡು ಬೇರೆ ಕ್ರಿಯಾಪದಗಳಿಂದಲೇ ತಿಳಿಸಿಬಿಡುತ್ತದೆ.

ಹಾಗಾದರೆ ಇಂಗ್ಲಿಷಿನಲ್ಲಿ ಇವು ಎರಡು ವರ್ಗಗಳೇ ಅಲ್ಲವೆ? ಗೀಗರಿಖ್ 2012ರಲ್ಲಿ, 'ಲಿ' ಹೊಸ ಪದವನ್ನು ಸಾಧಿಸುವ ಪ್ರತ್ಯಯವಲ್ಲ, ರೂಪಭೇದವನ್ನಷ್ಟೇ ಸೂಚಿಸುವಂಥದು; ಆದ್ದರಿಂದ 'ಕ್ವಿಕ್ಲಿ' ಕೂಡ ನಾಮವಿಶೇಷಣವೇ ಎಂದು ವಾದಿಸಿದರು. ವಾದಕ್ಕೆ ಬಲವಿದೆ. 'ಫ್ರೆಂಡ್ಲಿಯರ್' ಸಾಧು, 'ಕ್ವಿಕ್ಲಿಯರ್' ಅಸಾಧು. ಎರಡನೆಯದರ 'ಲಿ' ಇನ್ನಾವ ಪ್ರತ್ಯಯಕ್ಕೂ ಎಡೆಗೊಡುವುದಿಲ್ಲ. ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಒಂದು, ರೂಪಭೇದದಿಂದ ಪದ ಬಯಸುವ ಪೂರಕ ಸಾಮಾನ್ಯವಾಗಿ ಬದಲಾಗದು. ಆದರೆ 'ಪ್ರೌಡ್ ಆಫ್ ಹಿಸ್ ಸನ್' ಸಾಧುವಾಗಿರುವಾಗ 'ಪ್ರೌಡ್ಲಿ ಆಫ್ ಹಿಸ್ ಸನ್' ಅಸಾಧು. 'ಇಂಡಿಪೆಂಡೆಂಟ್ಲಿ ಆಫ್' ಮೊದಲಾದವು ಕೆಲವೇ ಅಪವಾದಗಳು. ಎರಡು, 'ಹಾರ್ಡ್ಲಿ', 'ಲೇಟ್ಲಿ', 'ಷಾರ್ಟ್ಲಿ' ಪದಗಳ ಅರ್ಥ ಮೂಲಪದದಿಂದ ದೂರ ಸರಿದಿದೆ. ಕೇವಲ ರೂಪಭೇದದ ಪ್ರತ್ಯಯದಿಂದ ಇಷ್ಟು ಅರ್ಥಾಂತರವನ್ನು ನಿರೀಕ್ಷಿಸಲಾಗದು. ಆದ್ದರಿಂದ ಎರಡು ವರ್ಗಗಳೆಂಬ ನಿಲುವನ್ನು ಬಿಡಲು ಸಾಕಷ್ಟು ಕಾರಣವಿಲ್ಲ. ಬಿಡಬೇಕಾದುದು ಅವುಗಳ ಕಾರ್ಯಮಾತ್ರ ವ್ಯಾಖ್ಯೆಯನ್ನು.

ಅದರ ಸ್ಥಾನದಲ್ಲಿ ಪರೀಕ್ಷೆಗಳ ಒಂದು ಗುಚ್ಛವನ್ನು ಮುಂದಿಡಬಹುದು. ಪದ ನಾಮಪದದ ಎಡಕ್ಕೆ ನಿಲ್ಲಬಲ್ಲುದೆ? 'ಸೀಮ್', 'ಬಿಕಮ್' ಕ್ರಿಯಾಪದಗಳ ನಂತರ ಕರ್ತೃವಿನ ಗುಣವನ್ನು ಹೇಳಬಲ್ಲುದೆ? 'ವೆರಿ' ಎಂಬುದನ್ನು ಸ್ವೀಕರಿಸುತ್ತದೆಯೆ? ಮೊದಲೆರಡಕ್ಕೆ ಹೌದು ಎನ್ನುವ ಪದ ನಾಮವಿಶೇಷಣ. ಮೂರನೆಯದು ಎರಡೂ ವರ್ಗಗಳಿಗೆ ಸಮಾನವಾದ್ದರಿಂದ ಅವುಗಳನ್ನು ಬೇರ್ಪಡಿಸಲಾರದು. 'ಸ್ಟೋನ್' ಅಂತಹ ನಾಮಪದಗಳನ್ನು ಹೊರಗಿಡಲು ಮಾತ್ರ ಒದಗುತ್ತದೆ. ಎಲ್ಲ ಪದಗಳೂ ಎಲ್ಲ ಪರೀಕ್ಷೆಗಳಲ್ಲಿ ಗೆಲ್ಲುವುದಿಲ್ಲ: 'ಮಿಯರ್' ಎರಡನೆಯದರಲ್ಲಿ ಸೋಲುತ್ತದೆ, 'ಅಸ್ಲೀಪ್' ಮೊದಲನೆಯದರಲ್ಲಿ. ವರ್ಗಕ್ಕೆ ಕೇಂದ್ರವೂ ಅಂಚೂ ಇವೆಯೆಂದು ವಿದ್ಯಾರ್ಥಿಗೆ ಹೇಳಲು ಅಧ್ಯಾಪಕರು ಹಿಂಜರಿಯಬೇಕಾಗಿಲ್ಲ. ಗುಣಪದದ ವರ್ಗ ಎಲ್ಲ ಭಾಷೆಗಳಲ್ಲೂ ಒಂದೇ ಬಗೆಯಾಗಿರಬೇಕಿಲ್ಲವೆಂಬುದನ್ನು ಡಿ. ಎನ್. ಶಂಕರ ಭಟ್ಟರ 1994ರ 'ದಿ ಅಡ್ಜೆಕ್ಟಿವಲ್ ಕ್ಯಾಟಗರಿ' ವಿಸ್ತಾರವಾಗಿ ಚರ್ಚಿಸಿದೆ. ಆ ಗ್ರಂಥದ ತಿಳಿವು ನಮ್ಮ ಇಂಗ್ಲಿಷ್ ಕೈಪಿಡಿಗಳಿಗೂ ತಲುಪಬೇಕು. ನಾಮವಿಶೇಷಣ, ಕ್ರಿಯಾವಿಶೇಷಣ ಎಂಬ ಹೆಸರುಗಳು ಬೇರೂರಿರುವುದರಿಂದ ಅವುಗಳನ್ನು ಬದಲಿಸುವುದು ಕಷ್ಟ. ಆದರೆ ಅವು ಪದ ಮಾಡುವ ಕೆಲಸದಿಂದ ಬಂದ ಹೆಸರುಗಳೇ ಹೊರತು ಪದದ ವರ್ಗಕ್ಕೆ ಸಾಕ್ಷ್ಯವಲ್ಲವೆಂಬ ಒಂದು ವಾಕ್ಯವನ್ನು ವ್ಯಾಖ್ಯೆಯ ಪಕ್ಕದಲ್ಲೇ ಸೇರಿಸುವುದು ಕಷ್ಟವೇನಲ್ಲ.