ಮೂಳೆಯ ಬಲ, ಮೂಕಪ್ರಾಣಿಯ ಬೆಲೆ

ಗಾವಡಗೆರೆಯ ಕಡೆಯ ರೈತನು ಎಳೆಯ ಹೋರಿಯ ಹೆಗಲಿಗೆ ಮೊದಲ ದಿನವೇ ತುಂಬಿದ ಗಾಡಿಯನ್ನು ಕಟ್ಟುವುದಿಲ್ಲ. ಬರಿಯ ನೊಗವನ್ನು ಹೊರಿಸಿ, ಸ್ವಲ್ಪ ದೂರ ನಡೆಸಿ, ನಡುನಡುವೆ ಬಿಡುವು ಕೊಟ್ಟು ಪಳಗಿಸುತ್ತಾನೆ. ಹೊರೆಯಿಂದಲೇ ಶರೀರವು ಬಲಗೊಳ್ಳುತ್ತದೆ, ಆದರೆ ಹೊರೆಗೆ ಒಂದು ಹದವಿರಬೇಕು ಎಂಬ ಅರಿವು ಈ ರೂಢಿಯಲ್ಲಿದೆ. ಇದೇ ಅರಿವನ್ನು ಅಳತೆಗೆ ಒಳಪಡಿಸುವುದಕ್ಕಾಗಿ ವಿಜ್ಞಾನವು ಬಹುಸಂಖ್ಯೆಯ ಮೂಕಪ್ರಾಣಿಗಳನ್ನು ಬಳಸಿಕೊಂಡಿದೆ. ಆ ಪ್ರಯೋಗಗಳಿಂದ ಏನು ದೊರೆಯಿತು, ಯಾವ ಬೆಲೆಗೆ ದೊರೆಯಿತು, ಆ ಬೆಲೆಯನ್ನು ಇನ್ನೂ ತೆರಬೇಕೆ? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಈ ಮೂರನ್ನೂ ವಿಮರ್ಶಿಸಬೇಕಾಗಿದೆ.

ದೊರೆತುದು ಅಲ್ಪವಲ್ಲ. ಮೂಳೆಯು ತನ್ನ ಮೇಲೆ ಬೀಳುವ ಹೊರೆಗೆ ಅನುಗುಣವಾಗಿ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿಯೇ ಪ್ರತಿಪಾದಿಸಿದ್ದನು. ಎಷ್ಟು ಹೊರೆ, ಎಷ್ಟು ಸಲ ಎಂಬ ಪ್ರಶ್ನೆಗೆ ರೂಬಿನ್ ಮತ್ತು ಲಾನ್ಯನ್ ಎಂಬ ವಿಜ್ಞಾನಿಗಳು 1984ರಲ್ಲಿ ಉತ್ತರ ನೀಡಿದರು. ಕೋಳಿ ಜಾತಿಯ ದೊಡ್ಡ ಪಕ್ಷಿಯ ರೆಕ್ಕೆಯ ಮೂಳೆಯನ್ನು ಎರಡೂ ತುದಿಗಳ ಬಳಿ ಕತ್ತರಿಸಿ, ಲೋಹದ ಟೊಪ್ಪಿಗೆ ತೊಡಿಸಿ, ಚರ್ಮದ ಹೊರಕ್ಕೆ ಚಾಚಿದ ಸಲಾಕೆಗಳ ಮೂಲಕ ಯಂತ್ರದಿಂದ ಒತ್ತಡ ಹೇರಲಾಯಿತು. ದಿನಕ್ಕೆ ಕೇವಲ 4 ಸಲ ಒತ್ತಿದರೆ ಮೂಳೆ ಸವೆಯಲಿಲ್ಲ. 36 ಸಲ ಒತ್ತಿದಾಗ ಬೆಳೆಯಿತು. 1800 ಸಲ ಒತ್ತಿದರೂ ಅದಕ್ಕಿಂತ ಹೆಚ್ಚಿನ ಫಲವಿರಲಿಲ್ಲ. ಅಲುಗದೆ ಹೇರಿಟ್ಟ ಭಾರದಿಂದ ಪ್ರಯೋಜನ ಕಾಣಲಿಲ್ಲ. ಹೇರಿ ಇಳಿಸುವ ಭಾರಕ್ಕೆ ಮಾತ್ರ ಮೂಳೆಯು ಓಗೊಟ್ಟಿತು. ದಿನಕ್ಕೆ 5 ಜಿಗಿತಗಳಷ್ಟೇ ಇಲಿಯ ಕಾಲಿನ ಮೂಳೆಯನ್ನು ಗಟ್ಟಿಗೊಳಿಸುತ್ತವೆಂದು ಜಪಾನಿನ ಉಮೆಮುರಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. ಅದೇ ಹೊರೆಯನ್ನು ಒಮ್ಮೆಗೇ ಹೇರುವುದಕ್ಕಿಂತ ಬಿಡುವು ಕೊಟ್ಟು ಹೇರುವುದು ಮೇಲೆಂದು 2000ದಲ್ಲಿ ಅಮೆರಿಕದ ರಾಬ್ಲಿಂಗ್ ಮತ್ತು ಸಂಗಡಿಗರು ಇಲಿಗಳಲ್ಲಿಯೇ ತೋರಿಸಿದರು.

ಇನ್ನು ಬೆಲೆಯ ಮಾತು. ಮೂಳೆ ಎಷ್ಟು ಬಲಿಷ್ಠವೆಂದು ಅಳೆಯಬೇಕಾದರೆ ಅದು ಮುರಿಯುವ ತನಕ ಬಾಗಿಸಬೇಕು. ಪ್ರಾಣಿಯನ್ನು ಕೊಂದು, ಮೂಳೆಯನ್ನು ಹೊರತೆಗೆದು, ಎರಡು ಆಧಾರಗಳ ಮೇಲಿಟ್ಟು ನಡುವೆ ಒತ್ತಿ ಮುರಿಯುವುದು ರೂಢಿಯ ವಿಧಾನ. ವ್ಯಾಯಾಮ ಮಾಡಿದ ಇಲಿಯೂ ಸಾಯುತ್ತದೆ. ಹೋಲಿಕೆಗೆಂದು ಸುಮ್ಮನೆ ಇರಿಸಿದ ಇಲಿಯೂ ಸಾಯುತ್ತದೆ. ಪ್ರಬಂಧದ ಕೋಷ್ಟಕದಲ್ಲಿ ಸರಾಸರಿಯಾಗಿ ನಿಲ್ಲುವ ಒಂದೊಂದು ಅಂಕಿಯ ಹಿಂದೆ ಹಲವು ಪಂಚೇಂದ್ರಿಯ ಜೀವಗಳ ಅಂತ್ಯವಿದೆ. ಇದು ದೂರದೇಶದ ಮಾತಷ್ಟೇ ಅಲ್ಲ. ನಮ್ಮ ಬೇಲಿಗಳಲ್ಲಿ ಹಬ್ಬುವ ಮಂಗರವಳ್ಳಿಯು ಮೂಳೆ ಸವೆತಕ್ಕೆ ಮದ್ದಾದೀತೆ ಎಂದು ಪರೀಕ್ಷಿಸಿದ ಮಣಿಪಾಲದ ಸಂಶೋಧಕರು, ಅಂಡಾಶಯ ತೆಗೆದ ಇಲಿಗಳ ಮೇಲಿನ ತಮ್ಮ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿದ್ದಾರೆ.

ಇಂಥ ಸಂಶೋಧಕರನ್ನು ಕಟುಕರೆಂದು ಜರೆಯುವುದು ಅನ್ಯಾಯ. ಮುಟ್ಟು ನಿಂತ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿಯುವ ತಾಯಂದಿರ ನೋವನ್ನು ಕಡಿಮೆ ಮಾಡುವುದೇ ಅವರ ಉದ್ದೇಶ. ಆದರೆ ಸದುದ್ದೇಶವಿದ್ದ ಮಾತ್ರಕ್ಕೆ ವಿಮರ್ಶೆ ಮುಗಿಯುವುದಿಲ್ಲ. ಇಲಿಯ ಮೂಳೆ ಮನುಷ್ಯನದಕ್ಕಿಂತ ಭಿನ್ನ. ಪ್ರಾಯಕ್ಕೆ ಬಂದ ಬಳಿಕವೂ ಅದು ಬಹುಕಾಲ ಉದ್ದಕ್ಕೆ ಬೆಳೆಯುತ್ತಲೇ ಇರುತ್ತದೆ, ಒಳಗಿನ ನವೀಕರಣದ ಕ್ರಮವೂ ನಮ್ಮಂತಿಲ್ಲ. ಮನುಷ್ಯರಿಂದ ನೇರವಾಗಿ ತಿಳಿಯುವ ದಾರಿಯೂ ಇದೆ. ವೃತ್ತಿನಿರತ ಟೆನಿಸ್ ಆಟಗಾರರ ಎರಡು ತೋಳುಗಳನ್ನು ಎಕ್ಸ್‌ರೇ ಮೂಲಕ ಹೋಲಿಸಿದ 1977ರ ಅಧ್ಯಯನದಲ್ಲಿ, ಆಡುವ ತೋಳಿನ ಮೂಳೆಯ ಹೊರಪದರವು ಪುರುಷರಲ್ಲಿ ಸುಮಾರು 35 ಪ್ರತಿಶತ, ಸ್ತ್ರೀಯರಲ್ಲಿ ಸುಮಾರು 28 ಪ್ರತಿಶತ ದಪ್ಪವಾಗಿತ್ತು. ಒಂದೇ ದೇಹ, ಒಂದೇ ಆಹಾರ. ಭೇದವಿದ್ದುದು ಹೊರೆಯಲ್ಲಿ ಮಾತ್ರ. ಅದನ್ನು ತಿಳಿಯಲು ಯಾರ ಪ್ರಾಣವೂ ಹೋಗಲಿಲ್ಲ. ಇಂದು ಸ್ಕ್ಯಾನ್ ಚಿತ್ರಗಳಿಂದ ಮೂಳೆಯ ಬಲವನ್ನು ಗಣಕಯಂತ್ರದಲ್ಲಿ ಅಂದಾಜು ಮಾಡುವ ವಿಧಾನವೂ ಬೆಳೆದಿದೆ.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜನು ಬಲಿಗೊಟ್ಟದ್ದು ಹಿಟ್ಟಿನ ಹುಂಜವನ್ನು. ಜೀವವಿಲ್ಲದ ಆಕೃತಿಯಾದರೂ, ಕೊಲ್ಲುವ ಸಂಕಲ್ಪವು ಅವನನ್ನು ಜನ್ಮಜನ್ಮಾಂತರದಲ್ಲಿ ಬಾಧಿಸಿತು. ಪ್ರಯೋಗಶಾಲೆಯಲ್ಲಿ ಸಂಕಲ್ಪವು ಕೊಲೆಯದಲ್ಲ, ಜ್ಞಾನದ್ದು. ಆದರೆ ಉತ್ತರವು ಈಗಾಗಲೇ ತಿಳಿದಿರುವಾಗ, ಪದವಿಗಾಗಿ, ಬಡ್ತಿಗಾಗಿ, ಪ್ರಕಟಣೆಯ ಸಂಖ್ಯೆಗಾಗಿ ಅದೇ ಪ್ರಶ್ನೆಯನ್ನು ಮತ್ತೆ ಹತ್ತಾರು ಇಲಿಗಳ ಮೇಲೆ ಕೇಳಿದರೆ ಅದು ಜ್ಞಾನದ ಸಂಕಲ್ಪವಾಗಿ ಉಳಿಯುವುದಿಲ್ಲ. ಅದು ಪ್ರಮಾದ, ಪ್ರಮಾದದಿಂದಾದ ಪ್ರಾಣಹರಣವನ್ನೇ ನಮ್ಮ ಆಚಾರ್ಯರು ಹಿಂಸೆ ಎಂದು ಕರೆದಿದ್ದಾರೆ.

ನಮ್ಮ ನೆಲದ ಕಾನೂನೂ ಈ ವಿವೇಕಕ್ಕೆ ದೂರವಾಗಿಲ್ಲ. ಸಾಧ್ಯವಿದ್ದೆಡೆಯಲ್ಲೆಲ್ಲ ಪ್ರಾಣಿಪ್ರಯೋಗವನ್ನು ವರ್ಜಿಸಬೇಕು, ಪುಸ್ತಕ, ಮಾದರಿ, ಚಲನಚಿತ್ರಗಳು ಸಾಕಾಗುವೆಡೆ ಅವನ್ನೇ ಬಳಸಬೇಕು ಎಂಬ ಆಶಯವು 1960ರ ಪ್ರಾಣಿಹಿಂಸೆ ನಿವಾರಣಾ ಅಧಿನಿಯಮದಲ್ಲಿದೆ. 1998ರ ನಿಯಮಗಳ ನಂತರ ಪ್ರಯೋಗ ನಡೆಸುವ ಸಂಸ್ಥೆಗಳು ನೈತಿಕ ಸಮಿತಿಯೊಂದನ್ನು ಹೊಂದಿರಬೇಕು. ಅದರಲ್ಲಿ ಸಾಮಾಜಿಕ ಅರಿವುಳ್ಳ ಹೊರಗಿನ ಸದಸ್ಯರಿಗೂ ಸ್ಥಾನವಿದೆ. ವಿದ್ಯಾರ್ಥಿವೇತನ, ದತ್ತಿನಿಧಿಗಳ ಮೂಲಕ ವೈದ್ಯ ಮತ್ತು ಔಷಧ ವಿಜ್ಞಾನದ ಕಾಲೇಜುಗಳಿಗೆ ನೆರವಾಗುವ ನಮ್ಮ ಬಸದಿಗಳ ಟ್ರಸ್ಟುಗಳು ಧನವನ್ನಿತ್ತು ಸುಮ್ಮನಾಗಬಾರದು. ಈ ಪ್ರಶ್ನೆ ಹೊಸದೆ? ಪ್ರಾಣಿಯಿಲ್ಲದೆ ಉತ್ತರ ದೊರೆಯದೆ? ಅನಿವಾರ್ಯವಾದಲ್ಲಿ ಸಂಖ್ಯೆಯನ್ನೂ ನೋವನ್ನೂ ಎಷ್ಟರಮಟ್ಟಿಗೆ ತಗ್ಗಿಸಲಾಗಿದೆ? ಈ ಮೂರು ಪ್ರಶ್ನೆಗಳನ್ನು ವಿನಯದಿಂದ, ಆದರೆ ಲಿಖಿತವಾಗಿ ಕೇಳಬೇಕು.

ಶ್ರಾವಕರಾದ ನಮ್ಮ ಮೇಲೂ ಒಂದು ಹೊಣೆಯಿದೆ. ಅಷ್ಟು ಜೀವಗಳು ಅಳಿದು ದೊರೆತ ತಿಳಿವಳಿಕೆಯನ್ನು ಬಳಸದೆ ಬಿಡುವುದು ಇನ್ನೊಂದು ಬಗೆಯ ಅಪವ್ಯಯ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಗೆ ಬರುವ ಹಿರಿಯರು ತಮ್ಮ ಶಕ್ತಿಯಿದ್ದಷ್ಟು, ವೈದ್ಯರ ಸಲಹೆಯಂತೆ, ನಿಂತು ನಿಂತು ಮೆಟ್ಟಿಲೇರಲಿ. ಅವರಿಗೆ ಆಸರೆಯ ಕಂಬಿಯನ್ನೂ ವಿಶ್ರಾಂತಿಯ ಕಟ್ಟೆಯನ್ನೂ ಒದಗಿಸುವುದು ಇಂಥ ಕ್ಷೇತ್ರಗಳನ್ನು ನೋಡಿಕೊಳ್ಳುವವರಿಗೆ ಭಾರವಾಗದು. ಮನೆಯ ಹೆಣ್ಣುಮಕ್ಕಳು ಎಳೆಯ ಪ್ರಾಯದಲ್ಲಿ ಓಡಿ ಜಿಗಿದು ಆಡಲಿ, ಏಕೆಂದರೆ ಮೂಳೆಯ ಬಂಡವಾಳ ಕೂಡುವುದು ಆಗಲೇ. ತಿಳಿದುದನ್ನು ಆಚರಿಸುವ ಸಮಾಜಕ್ಕೆ ಮಾತ್ರ, ತಿಳಿದುದನ್ನೇ ಮತ್ತೆ ತಿಳಿಯಲು ಕೊಲ್ಲಬೇಡಿರೆಂದು ಹೇಳುವ ಅಧಿಕಾರವಿರುತ್ತದೆ.